ಅರ್ಧ ಪುಟದ ಆಟಗಳು

ಒಂದು ಕಂಪ್ಯೂಟರ್ ಗೇಮಿನ ವಿಮರ್ಶೆಗೆ ನನಗೆ ಸಿಗುತ್ತಿದ್ದದ್ದು 125 ರೂಪಾಯಿ. ದುಡ್ಡು ಮನಿಆರ್ಡರಿನಲ್ಲಿ ಬರುತ್ತಿತ್ತು. ಅಂಚೆಯವರು ಜಗಲಿಯ ಮೇಲೆ ಕೂತು ನೋಟು ಎಣಿಸಿ, ಫಾರಮ್ಮಿನ ಕೆಳಗಿನ ಚೀಟಿ ಹರಿದು ಕೊಟ್ಟು, ಅಮ್ಮ ಕೊಟ್ಟ ಕಾಫಿ ಕುಡಿದು ಏಳುತ್ತಿದ್ದರು. 1996ರ ಮಾತು ಇದು. ಚಾಮರಾಜಪೇಟೆಯಲ್ಲಿ ನಮ್ಮ ಮನೆ ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಆಗ 8 ರೂಪಾಯಿ. ಹಾಗಾಗಿ 125 ಅಂದರೆ ಸಣ್ಣ ಮೊತ್ತವೇನಲ್ಲ. ಹಗಲು ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ, ರಾತ್ರಿ ಊಟವಾದ ಮೇಲೆ ಗೇಮು, ಭಾನುವಾರ ಬೆಳಿಗ್ಗೆ ಬರವಣಿಗೆ. ಬೀದಿಯ ಹೆಂಗಸರು ಅಮ್ಮನನ್ನು ‘ನಿಮ್ಮ ಮಗಳು ರಾತ್ರಿಯೆಲ್ಲ ಏನು ಓದ್ತಾಳೆ?’ ಎಂದು ಕೇಳುತ್ತಿದ್ದರು. ‘ಡಿಪಾರ್ಟ್‌ಮೆಂಟ್ ಪರೀಕ್ಷೆ’ ಎಂದು ಅಮ್ಮ ಹೇಳಿಬಿಡುತ್ತಿದ್ದಳು.

ಒಂದು ವಾರಪತ್ರಿಕೆ ಕಂಪ್ಯೂಟರಿಗೆಂದೇ ಪುಟವೊಂದನ್ನು ಮೀಸಲಿಟ್ಟಿತ್ತು. ಮೇಲಿನರ್ಧದಲ್ಲಿ ಫ್ಲಾಪಿ ಎಂದರೇನು, ವೈರಸ್ ಬಂದರೆ ಏನು ಮಾಡಬೇಕು ಎಂಬಂಥ ಪಾಠಗಳು. ಕೆಳಗಿನರ್ಧ ನನ್ನದು. 350 ಪದ, ಅದರ ಕೊನೆಗೊಂದು ಚೌಕ. ಯಾವ ಪ್ರೊಸೆಸರ್ ಬೇಕು, ಎಷ್ಟು ರ್‍ಯಾಮ್, ಚಿತ್ರ ಹೇಗಿದೆ, ಸದ್ದು ಹೇಗಿದೆ, ಐದಕ್ಕೆ ಎಷ್ಟು ನಕ್ಷತ್ರ. ಸಂಪಾದಕರು ‘ಕಥೆ ಎರಡು ಸಾಲು ಸಾಕಮ್ಮ, ಜನ ಮೊದಲು ನೋಡೋದು ಚೌಕಾನೇ’ ಅನ್ನುತ್ತಿದ್ದರು. ಅವರು ಹೇಳಿದ್ದು ನಿಜವೇ. ನನಗೆ ಬರೆಯಬೇಕೆನ್ನಿಸುತ್ತಿದ್ದುದೆಲ್ಲ ಆ ಎರಡು ಸಾಲಿನೊಳಗಿತ್ತು ಎನ್ನುವುದೂ ಅಷ್ಟೇ ನಿಜ.

ಗೇಮಿನ ರುಚಿ ಹತ್ತಿದ್ದು ಬ್ಯಾಂಕಿನಲ್ಲೇ. 1991ರ ಹೊತ್ತಿಗೆ ನಮ್ಮ ಶಾಖೆಗೆ ಒಂದು ಪೀಸಿ ಬಂತು. ಅದಕ್ಕೊಂದು ಗಾಜಿನ ಕೋಣೆ, ಏಸಿ, ನೆಲಕ್ಕೆ ಕಾರ್ಪೆಟ್. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಕಾರ್ಪೆಟ್ಟಿನ ಅಂಟು, ಪ್ರಿಂಟರ್ ರಿಬ್ಬನ್ನಿನ ಮಸಿ ಎರಡೂ ಸೇರಿದ ಒಂದು ವಾಸನೆ ಅಲ್ಲಿರುತ್ತಿತ್ತು. ಲೆಡ್ಜರುಗಳ ಹಳೇ ಕಾಗದ, ಅರಗು, ದೂಳಿನ ನಡುವೆ ದಿನ ಕಳೆಯುತ್ತಿದ್ದ ನಮಗೆ ಆ ಕೋಣೆಯೇ ಬೇರೆ ಲೋಕ. ಶನಿವಾರ ಅರ್ಧ ದಿನ. ಕ್ಯಾಶ್ ಟ್ಯಾಲಿ ಆಗಿ ಮ್ಯಾನೇಜರು ಮನೆಗೆ ಹೊರಟ ಮೇಲೆ ಯಾರದೋ ಬ್ಯಾಗಿನಿಂದ ಐದೂಕಾಲು ಇಂಚಿನ ಫ್ಲಾಪಿ ಹೊರಬರುತ್ತಿತ್ತು. ಅದರಲ್ಲಿದ್ದದ್ದು ‘ಪ್ರಿನ್ಸ್ ಆಫ್ ಪರ್ಷಿಯಾ’.

ಅದರ ಕಥೆ ಹೇಳಹೊರಟರೆ ಎರಡು ಸಾಲಿಗೇ ಮುಗಿಯುತ್ತದೆ. ಸುಲ್ತಾನ ಊರಲ್ಲಿಲ್ಲ, ವಜೀರ ಜಾಫರ್ ರಾಜಕುಮಾರಿಗೆ ತನ್ನನ್ನು ಮದುವೆಯಾಗಲು ಒಂದು ಗಂಟೆಯ ಗಡುವು ಕೊಟ್ಟಿದ್ದಾನೆ. ನೆಲಮಾಳಿಗೆಯ ಸೆರೆಯಲ್ಲಿರುವ ನೀವು ಆ 60 ನಿಮಿಷದೊಳಗೆ ಮೇಲೆ ಹತ್ತಿ ಬರಬೇಕು. ಅದನ್ನು ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಆ ಚಿತ್ರಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ್ದ. 1989ರಲ್ಲಿ ಬಂದ ಆಟ. ನಮ್ಮ ಮಾನಿಟರಿನಲ್ಲಿ ಬಣ್ಣವೇ ಇರಲಿಲ್ಲ. ಆದರೂ ಅಂಚು ಹಿಡಿದು ನೇತಾಡುವ ಆ ಪುಟ್ಟ ಮನುಷ್ಯನ ಮೈಭಾರ ನಮ್ಮ ತೋಳಿಗೆ ತಾಕುತ್ತಿತ್ತು.

ನಾಲ್ಕನೇ ಹಂತದಲ್ಲಿ ದಾರಿಗಡ್ಡವಾಗಿ ಒಂದು ಕನ್ನಡಿ. ಓಡಿ ಬಂದು ಅದರೊಳಗೆ ಹಾರಿದರೆ ನಾವು ಒಂದು ಕಡೆ ಬಿದ್ದು, ನಮ್ಮದೇ ನೆರಳು ಇನ್ನೊಂದು ಕಡೆಗೆ ಓಡಿಹೋಗುತ್ತಿತ್ತು. ಮುಂದಿನ ಹಂತದಲ್ಲಿ ನಮಗೆ ಸಿಗಬೇಕಾಗಿದ್ದ ಔಷಧಿಯನ್ನು ಆ ನೆರಳು ಕುಡಿದುಬಿಡುತ್ತಿತ್ತು. ಅದರ ಮುಂದಿನದರಲ್ಲಿ ಬಾಗಿಲು ಮುಚ್ಚಿ ನಮ್ಮನ್ನು ಕೆಳಗೆ ಬೀಳಿಸುತ್ತಿತ್ತು. ಹನ್ನೆರಡನೆಯದರಲ್ಲಿ ಕತ್ತಿ ಹಿರಿದು ಎದುರೇ ನಿಂತಿತು. ಹೈಸ್ಕೂಲಿನಲ್ಲಿದ್ದ ಅಣ್ಣನ ಮಗ ಶನಿವಾರ ಬಸ್ಸು ಹತ್ತಿ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ. ನೆರಳಿಗೆ ಹೊಡೆದ ಪ್ರತಿ ಏಟೂ ನಮಗೇ ಬೀಳುತ್ತಿತ್ತು. ಅದು ಸತ್ತರೆ ನಾವೂ ಸತ್ತಂತೆಯೇ. ವಾರಗಟ್ಟಲೆ ಅಲ್ಲೇ ಸಿಕ್ಕಿಕೊಂಡಿದ್ದೆವು. ಒಂದು ದಿನ ಅವನು ‘ಅತ್ತೆ, ಕತ್ತಿ ಒಳಗಿಡು ನೋಡೋಣ’ ಅಂದ. ಕೆಳಬಾಣದ ಕೀಲಿ ಒತ್ತಿದೆ. ಕತ್ತಿ ಒರೆ ಸೇರಿತು. ನೆರಳೂ ತನ್ನ ಕತ್ತಿಯನ್ನು ಒರೆಗಿಟ್ಟಿತು. ಎದುರುಬದುರಾಗಿ ಓಡಿದೆವು, ಒಂದಾದೆವು. ಅದರಾಚೆಗೆ ನೆಲವೇ ಇರಲಿಲ್ಲ. ಹೆಜ್ಜೆ ಇಟ್ಟರೆ ಕಾಲಡಿಗೆ ಒಂದೊಂದೇ ಹಾಸುಗಲ್ಲು ಮೂಡುತ್ತ ಹೋಯಿತು. ಯಾರೂ ಮಾತಾಡಿರಲಿಲ್ಲ, ಪರದೆಯ ಮೇಲೆ ವಿವರಣೆಯ ಒಂದಕ್ಷರ ಬಂದಿರಲಿಲ್ಲ. ಕಥೆಯ ಮುಖ್ಯ ಘಟನೆ ನಡೆದದ್ದು ನನ್ನ ಬೆರಳಲ್ಲಿ. ಇದನ್ನು ಓದುಗರಿಗೆ ಹೇಳುವುದು ಹೇಗೆ ಎಂಬ ಯೋಚನೆ ಆಗ ಹತ್ತಿದ್ದು, ಇವತ್ತಿಗೂ ಬಿಟ್ಟಿಲ್ಲ.

1995ರ ಕೊನೆಗೆ ಚೀಟಿ ಎತ್ತಿ ಎಸ್.ಪಿ. ರಸ್ತೆಯಲ್ಲಿ ಒಂದು 486 ಕಂಪ್ಯೂಟರ್ ಜೋಡಿಸಿಕೊಂಡೆ. ಸೀಡಿ ಡ್ರೈವೂ ಸೇರಿ 54,000 ರೂಪಾಯಿ. ‘ಹತ್ತು ತೊಲ ಬಂಗಾರ ಬರ್ತಿತ್ತಲ್ಲೇ’ ಎಂದು ಅಮ್ಮ ಅಂದಳು. ಲೆಕ್ಕ ಸರಿಯಾಗಿಯೇ ಇತ್ತು. ತೊಲಕ್ಕೆ ಆಗ ಐದು ಸಾವಿರದ ಆಸುಪಾಸು. ಮಾನಿಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನಡುಮನೆಯಲ್ಲಿ, ದೀಪದ ಗೂಡಿನ ಕೆಳಗೆ, ಅಪ್ಪನ ಮೇಜಿನ ಮೇಲೆ ಅದಕ್ಕೆ ಜಾಗವಾಯಿತು. ಬೆಳಿಗ್ಗೆ ಬಚ್ಚಲ ಹಂಡೆಗೆ ಸೌದೆ ಹಚ್ಚಿದರೆ ಹೊಗೆ ಅಲ್ಲಿಯ ತನಕ ಬರುತ್ತಿತ್ತು. ಅದಕ್ಕಾಗಿ ಅಮ್ಮ ತನ್ನ ಹಳೇ ಇಳಕಲ್ ಸೀರೆಯ ಸೆರಗು ಕತ್ತರಿಸಿ ಮುಸುಕು ಹೊಲಿದಳು. ಮೇಜಿನ ಕೆಳಗೆ ಸ್ಟೆಬಿಲೈಸರ್ ರಾತ್ರಿಯಿಡೀ ಟಕ್ ಟಕ್ ಅನ್ನುತ್ತಿತ್ತು.

‘ಮಿಸ್ಟ್’ ಬಂದದ್ದು ಆ ಮೇಜಿಗೆ. ಬ್ಯಾಂಕಿನ ಗೆಳತಿಯ ತಮ್ಮ ಅಮೆರಿಕದಿಂದ ತಂದ ಡಬ್ಬಿ. ರ್‍ಯಾಂಡ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು 1993ರಲ್ಲಿ ಹೊರತಂದ ಆಟವದು. 2002ರಲ್ಲಿ ‘ದಿ ಸಿಮ್ಸ್’ ಹಿಂದಿಕ್ಕುವ ತನಕ ಪೀಸಿಯಲ್ಲಿ ಅತಿ ಹೆಚ್ಚು ಮಾರಾಟವಾದ ಗೇಮು ಅದೇ ಆಗಿತ್ತು. ಶತ್ರುಗಳಿಲ್ಲ, ಕತ್ತಿಯಿಲ್ಲ, ಗಡಿಯಾರವಿಲ್ಲ. ಒಂದು ದ್ವೀಪ, ಅದರ ಮೇಲೊಂದು ಗ್ರಂಥಾಲಯ, ಅರ್ಧಕ್ಕರ್ಧ ಸುಟ್ಟ ಪುಸ್ತಕಗಳು. ನಾಪತ್ತೆಯಾದ ತಂದೆ, ಒಬ್ಬ ಕೆಂಪು ಪುಸ್ತಕದಲ್ಲಿ, ಇನ್ನೊಬ್ಬ ನೀಲಿ ಪುಸ್ತಕದಲ್ಲಿ ಸೆರೆಯಾದ ಮಕ್ಕಳು, ಒಬ್ಬರ ಮೇಲೊಬ್ಬರ ದೂರು. ಯಾರನ್ನು ನಂಬಬೇಕು ಎನ್ನುವುದಕ್ಕೆ ಅವರಿದ್ದ ಕೋಣೆಗಳನ್ನು ಹೊಕ್ಕು, ಮಂಚದ ಪಕ್ಕ ಏನಿದೆ, ಸೆಳೆಖಾನೆಯಲ್ಲಿ ಏನಿದೆ ಎಂದು ನೋಡಿ ನಾವೇ ತೀರ್ಮಾನಿಸಬೇಕು. ಕಂಡದ್ದನ್ನು ಬರೆದುಕೊಳ್ಳಲೆಂದು ಡಬ್ಬಿಯೊಳಗೆ ಖಾಲಿ ಹಾಳೆಗಳ ಪುಸ್ತಕ ಕೊಟ್ಟಿದ್ದರು. ಎರವಲು ತಂದ ಡಬ್ಬಿಯದನ್ನು ಮುಟ್ಟಲು ಮನಸ್ಸಾಗದೆ ಅಪ್ಪನ ರೋಜುಕೀರ್ದಿಯಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆದುಕೊಂಡೆ. ಒಂದು ಪುಟದಲ್ಲಿ ಅಪ್ಪನ ಕೈಬರಹದ ತೊಗರಿಬೇಳೆ ಲೆಕ್ಕ, ಎದುರು ಪುಟದಲ್ಲಿ ಗಡಿಯಾರ ಗೋಪುರದ ಚಕ್ರಗಳ ಚಿತ್ರ.

ಆ ದ್ವೀಪದಲ್ಲಿ ಒಂದು ರಾಕೆಟ್ಟಿದೆ. ಅದಕ್ಕೆ ಕರೆಂಟು ಹರಿಯಬೇಕಾದರೆ ನೆಲದಡಿಯ ಜನರೇಟರ್ ಕೋಣೆಗಿಳಿದು, ಗುಂಡಿಗಳನ್ನೊತ್ತಿ ಸರಿಯಾಗಿ 59 ವೋಲ್ಟ್ ಕೂರಿಸಬೇಕು. ಹೆಚ್ಚಾಯಿತೋ, ಬ್ರೇಕರ್ ಟ್ರಿಪ್ಪಾಗುತ್ತದೆ. ಹೊರಗೆ ಹೋಗಿ ಕಂಬ ಹತ್ತಿ ಮತ್ತೆ ಹಾಕಬೇಕು. ಹೂಬತ್ತಿ ಹೊಸೆಯುತ್ತ ಹಿಂದೆ ಕೂತಿದ್ದ ಅಮ್ಮನಿಗೆ ಇದೊಂದು ಬೇಗ ಅರ್ಥವಾಯಿತು. ವೋಲ್ಟೇಜಿನ ಕಾಟ ನಮ್ಮ ಮನೆಯಲ್ಲೂ ಇದ್ದದ್ದೇ. ರಾಕೆಟ್ಟಿನ ಒಳಗೆ ಒಂದು ತುದಿಯಲ್ಲಿ ಆರ್ಗನ್, ಇನ್ನೊಂದು ತುದಿಯಲ್ಲಿ ಐದು ಜಾರುಗುಂಡಿ. ಗ್ರಂಥಾಲಯದ ಪುಸ್ತಕದಲ್ಲಿ ಗುರುತಿಸಿದ ಐದು ಸ್ವರಗಳನ್ನು ಆರ್ಗನ್ನಿನಲ್ಲಿ ನುಡಿಸಿ ಕೇಳಿಕೊಂಡು, ಆಚೆಗೆ ಹೋಗಿ, ಜಾರುಗುಂಡಿಯ ಸದ್ದನ್ನು ಕಿವಿಯಲ್ಲೇ ಅದಕ್ಕೆ ಹೊಂದಿಸಬೇಕು. ನನಗೆ ಅದು ಬಗೆಹರಿಯಲಿಲ್ಲ. ಅಮ್ಮ ಮದುವೆಗೆ ಮುಂಚೆ ಹಾರ್ಮೋನಿಯಂ ಕಲಿತವಳು. ಬತ್ತಿಯ ಬಟ್ಟಲು ಪಕ್ಕಕ್ಕಿಟ್ಟು ‘ಇನ್ನೊಂದು ಸಲ ನುಡಿಸು’ ಅಂದಳು. ಸ್ವರ ಹಿಡಿದು ಗುನುಗುತ್ತ ಕೂತಳು. ನಾನು ಗುಂಡಿ ಜಾರಿಸುತ್ತಿದ್ದರೆ ‘ಇನ್ನೂ ಕೆಳಗೆ ಕಣೇ... ಇನ್ನೊಂಚೂರು... ಹಾಂ, ನಿಲ್ಲಿಸು’ ಎನ್ನುತ್ತಿದ್ದಳು. ಐದೂ ಕೂತವು. ಹಿಡಿ ಎಳೆದಾಗ ಮುಂದಿನ ಲೋಕದ ದಾರಿ ತೆರೆಯಿತು. ಕೀಲಿಮಣೆಯನ್ನು ಎಂದೂ ಮುಟ್ಟದ ಅಮ್ಮ ‘ಆಮೇಲೆ?’ ಎಂದು ಕೇಳಿದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಸೀದ ವಾಸನೆ ಬರುತ್ತಿತ್ತು.

ಆ ವಾರದ ವಿಮರ್ಶೆಯಲ್ಲಿ ನಾನು ಬರೆದದ್ದು ಇದನ್ನೇ. ರ್‍ಯಾಮ್ ಎಷ್ಟು ಎನ್ನುವುದನ್ನು ಚೌಕಕ್ಕೆ ಬಿಟ್ಟು, 350 ಪದಗಳಲ್ಲಿ ಮುಕ್ಕಾಲುಪಾಲು ಐದು ಸ್ವರಗಳಿಗೆ ಕೊಟ್ಟೆ. ಸಂಪಾದಕರು ಗ್ಯಾಲಿ ಪ್ರೂಫ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೇ ಹೋಗಲಿ ಅಂದರು. ಕೆಲವು ದಿನಗಳಾದ ಮೇಲೆ ಸಾಗರದ ಕಡೆಯಿಂದ ಇನ್‌ಲ್ಯಾಂಡ್ ಲೆಟರ್ ಬಂತು. ಬರೆದವರು ಕಂಪ್ಯೂಟರನ್ನೇ ಕಂಡಿರಲಿಲ್ಲ, ಕೊಳ್ಳುವವರೂ ಅಲ್ಲ. ಆ ಅರ್ಧ ಪುಟವನ್ನು ಕಥೆಯೆಂದು ಓದುತ್ತಿದ್ದರು. ಕೊನೆಗೆ ತಂದೆ ಸಿಕ್ಕಿದನೇ ಎಂದು ಕೇಳಿದ್ದರು. ಉತ್ತರ ಬರೆದೆ, ಆದರೆ ಅದೊಂದನ್ನು ಹೇಳಲಿಲ್ಲ.

ಪರದೆಯ ಚಿತ್ರ ಪತ್ರಿಕೆಗೆ ಹೋಗುತ್ತಿದ್ದುದು ಹೇಗೆ ಎಂದು ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಇವತ್ತು ಒಂದು ಗುಂಡಿ ಒತ್ತಿದರೆ ಆಯಿತು. ನಾವು ಮಾನಿಟರಿನ ಎದುರು ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಕಿಟಕಿ ಬಾಗಿಲು ಮುಚ್ಚಿ, ಮೇಲಿಂದ ಕರಿ ಕಂಬಳಿ ಹೊದ್ದು ಫೋಟೊ ತೆಗೆಯುತ್ತಿದ್ದೆವು. ಶಟರ್ ವೇಗ ಹೆಚ್ಚಿದ್ದರೆ ಪರದೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಬೀಳುತ್ತಿತ್ತು, ಅದಕ್ಕೆ ಎಂಟನೇ ಒಂದು ಸೆಕೆಂಡಿಗೆ ಇಡುತ್ತಿದ್ದೆವು. ಅಷ್ಟು ಹೊತ್ತು ಆಟದೊಳಗೆ ಯಾರೂ ಅಲ್ಲಾಡಬಾರದು. ಮಿಸ್ಟಿನಲ್ಲಿ ಚಿತ್ರಗಳೇ ನಿಂತಿರುತ್ತಿದ್ದರಿಂದ ತೊಂದರೆಯಿಲ್ಲ. ಓಡಾಡುವ ಆಟಗಳಲ್ಲಿ ಅಣ್ಣನ ಮಗ ಹೊಂಚು ಹಾಕಿ, ಎಲ್ಲರೂ ನಿಂತ ಗಳಿಗೆ ನೋಡಿ ‘ಈಗ!’ ಅನ್ನಬೇಕಿತ್ತು. 36 ಚಿತ್ರದ ರೋಲಿಗೆ 95 ರೂಪಾಯಿ, ತೊಳೆದು ಪ್ರಿಂಟು ಹಾಕಿಸಿದರೆ ಒಂದಕ್ಕೆ 4 ರೂಪಾಯಿ. ಅಚ್ಚಾಗುತ್ತಿದ್ದದ್ದು ಒಂದೇ, ಅದೂ ಕಪ್ಪುಬಿಳುಪು, ಎರಡು ಕಾಲಂ ಅಗಲ. ಕಂಬಳಿಯ ಉಣ್ಣೆ, ಬಿಸಿಯಾದ ಮಾನಿಟರು, ಬೆವರು ಎಲ್ಲ ಸೇರಿದ ವಾಸನೆ ನನ್ನ ಮೂಗಿಗೆ ಈಗಲೂ ಗೊತ್ತು.

1998ರ ನವೆಂಬರಿನಲ್ಲಿ ‘ಹಾಫ್-ಲೈಫ್’ ಬಂತು. ನನ್ನ ಹಳೇ ಯಂತ್ರಕ್ಕೆ ಅದನ್ನು ನಡೆಸುವ ತ್ರಾಣವಿರಲಿಲ್ಲ. ಆ ಹೊತ್ತಿಗೆ ಜಯನಗರದಲ್ಲಿ ಗೇಮ್ ಪಾರ್ಲರುಗಳು ತೆರೆದಿದ್ದವು, ಗಂಟೆಗೆ 30 ರೂಪಾಯಿ. ಬ್ಯಾಂಕು ಮುಗಿಸಿ, ಸೀರೆಯಲ್ಲೇ, ಕಾಲೇಜು ಹುಡುಗರ ನಡುವೆ ಹೋಗಿ ಕೂರುತ್ತಿದ್ದೆ. ಮೊದಮೊದಲು ‘ಮಗನನ್ನು ಹುಡುಕ್ತಿದ್ದೀರಾ ಆಂಟಿ?’ ಎಂದು ಕೇಳಿದವರೇ ಆಮೇಲೆ ನನಗೆಂದು ಮೂಲೆಯ ಸೀಟು ಹಿಡಿದಿಡತೊಡಗಿದರು. ಆ ಆಟದ ಆರಂಭವನ್ನು ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ. ಬ್ಲ್ಯಾಕ್ ಮೇಸಾ ಎಂಬ ಪ್ರಯೋಗಶಾಲೆಯೊಳಗೆ ಒಂದು ಟ್ರಾಮು ಮೆಲ್ಲಗೆ ಸಾಗುತ್ತಿದೆ, ಅದರೊಳಗೆ ನೀವು. ಗುಂಡು ಹಾರಿಸುವ ಆಟದಲ್ಲಿ ಮೊದಲ ಐದು ನಿಮಿಷ ಗುಂಡಿಲ್ಲ, ಬರೀ ಪ್ರಯಾಣ. ನಡುವೆ ಆಟ ನಿಲ್ಲಿಸಿ ಸಿನಿಮಾ ತೋರಿಸುವ ಅಂದಿನ ವಾಡಿಕೆಯನ್ನು ಆಟ ಮಾಡಿದವರು ಬಿಟ್ಟೇಬಿಟ್ಟಿದ್ದರು. ನಡೆಯುವುದೆಲ್ಲ ನಿಮ್ಮ ಕಣ್ಣೆದುರೇ ನಡೆಯುತ್ತಿತ್ತು, ನೀವು ಬೇರೆ ಕಡೆ ತಿರುಗಿದರೆ ತಪ್ಪಿಹೋಗುತ್ತಿತ್ತು. ಕಥೆಗೆ ಕೈಹಾಕಿದವರು ಮಾರ್ಕ್ ಲೇಡ್ಲಾ ಎಂಬ ಕಾದಂಬರಿಕಾರ. ನಾಯಕ ಗಾರ್ಡನ್ ಫ್ರೀಮನ್ ಬಾಯಿಯನ್ನೇ ಬಿಡುವುದಿಲ್ಲ. ಹುಡುಗರು ಧಡಧಡನೆ ಮುಂದೆ ಹೋಗುತ್ತಿದ್ದರು. ನಾನು ವಿಜ್ಞಾನಿಗಳು ತಿಂಡಿಕೋಣೆಯಲ್ಲಿ ಏನು ಮಾತಾಡಿಕೊಳ್ಳುತ್ತಾರೆಂದು ಕೇಳುತ್ತ, ಅಲ್ಲಿನ ಮೈಕ್ರೋವೇವಿನ ಗುಂಡಿ ಒತ್ತಿ ಯಾರದೋ ಊಟ ಸಿಡಿದದ್ದನ್ನು ನೋಡುತ್ತ ನಿಂತಿರುತ್ತಿದ್ದೆ. ‘ಆಂಟಿ, ಇನ್ನೂ ಇಲ್ಲೇ ಇದ್ದೀರಾ?’ ಎಂದು ನಗುತ್ತಿದ್ದ ಹುಡುಗನೊಬ್ಬ ಆಮೇಲೆ ತಾನೂ ನಿಂತು ಕೇಳತೊಡಗಿದ. ಅದೇ ವರ್ಷದ ‘ಥೀಫ್’ನಲ್ಲಿ ಕಲ್ಲುನೆಲದ ಮೇಲೆ ಹೆಜ್ಜೆ ಸಪ್ಪಳವಾಗುತ್ತಿತ್ತು, ಜಮಖಾನದ ಮೇಲೆ ಆಗುತ್ತಿರಲಿಲ್ಲ. ಅಷ್ಟರ ಮೇಲೆಯೇ ಒಂದು ಇಡೀ ಆಟ ನಿಂತಿತ್ತು. ಅದನ್ನು ಕರೆಂಟು ಹೋಗುವ ಭಯದ ನಡುವೆ ಅಣ್ಣನ ಮಗನ ಹೊಸ ಪೆಂಟಿಯಮ್ಮಿನಲ್ಲಿ ಆಡಿದೆ.

ಆಮೇಲಿನದು ಬೇಗ ಬೇಗ ನಡೆಯಿತು. ಪತ್ರಿಕೆಯ ಕಂಪ್ಯೂಟರ್ ಪುಟ ಮೊಬೈಲ್ ಪುಟವಾಯಿತು. 2001ರಲ್ಲಿ ವಿ.ಆರ್.ಎಸ್. ತೆಗೆದುಕೊಂಡು ನಾನು ಬ್ಯಾಂಕು ಬಿಟ್ಟೆ. ಅದೇ ವರ್ಷ ಮೆಟಾಕ್ರಿಟಿಕ್ ಶುರುವಾಗಿ, ಲೋಕದ ವಿಮರ್ಶೆಗಳೆಲ್ಲ ಕೂಡಿ ನೂರಕ್ಕೆ ಇಷ್ಟು ಎಂಬ ಒಂದು ಅಂಕಿಯಾದವು. ಅಣ್ಣನ ಮಗ ಕೆಲಸ ಹಿಡಿದು ಕೆನಡಾಕ್ಕೆ ಹೋದ. ಫ್ಲಾಪಿ ಹೋಗಿ ಸೀಡಿ, ಸೀಡಿ ಹೋಗಿ ಡಿವಿಡಿ, ಅದೂ ಹೋಗಿ ಡೌನ್‌ಲೋಡ್. 540 ಎಂಬಿಯ ಡಿಸ್ಕು ಯಾವತ್ತಿಗೂ ತುಂಬದು ಅಂದುಕೊಂಡಿದ್ದ ಕಾಲ ದಾಟಿ, ‘ರೆಡ್ ಡೆಡ್ ರಿಡೆಂಪ್ಷನ್ 2’ ಒಂದೇ 100 ಜಿಬಿಗಿಂತ ಹೆಚ್ಚು ಜಾಗ ಕೇಳಿತು. ನಾನು ಅಲ್ಲಿ ಇಲ್ಲಿ ಬರೆಯುತ್ತಲೇ ಇದ್ದೆ. ಬದಲಾಗಬಾರದಿತ್ತು ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ, ಯಾಕೆಂದರೆ ಆಟಗಳು ಮೊದಲಿಗಿಂತ ಚೆನ್ನಾಗಿವೆ.

2017ರ ‘ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್’ ಅದಕ್ಕೆ ಸಾಕ್ಷಿ. ಒಂದು ವಿಚಿತ್ರ ಮನೆ, ಅಲ್ಲಿ ತೀರಿಕೊಂಡವರ ಒಂದೊಂದು ಕೋಣೆ, ಒಂದೊಂದು ಕೋಣೆಯಲ್ಲಿ ಒಂದೊಂದು ಬಗೆಯ ಆಟ. ಅದರಲ್ಲಿ ಲೂಯಿಸ್ ಎಂಬ ಹುಡುಗ ಮೀನಿನ ಕಾರ್ಖಾನೆಯ ಕೆಲಸಗಾರ. ಕಂಟ್ರೋಲರಿನ ಬಲಗಡ್ಡಿಯಿಂದ ಮೀನೆಳೆದು, ಬ್ಲೇಡಿನ ಕೆಳಗಿಟ್ಟು, ತಲೆ ಕತ್ತರಿಸಿ, ಮೇಲಿನ ಬೆಲ್ಟಿಗೆ ಎಸೆಯಬೇಕು. ಮತ್ತೆ ಮೀನು, ಮತ್ತೆ ಬ್ಲೇಡು. ಹಾಗಿರುವಾಗಲೇ ಅವನ ಹಗಲುಗನಸು ಪರದೆಯ ಮೂಲೆಯಲ್ಲಿ ಸಣ್ಣದಾಗಿ ಶುರುವಾಗುತ್ತದೆ. ಅಲ್ಲಿ ಎಡಗಡ್ಡಿಯಿಂದ ನಡೆಯಬೇಕು. ಕನಸು ಬೆಳೆಬೆಳೆಯುತ್ತ ಇಡೀ ಪರದೆಯನ್ನು ನುಂಗಿದರೂ ಬಲಗೈ ಮೀನು ಕತ್ತರಿಸುವುದನ್ನು ಬಿಡುವುದಿಲ್ಲ; ಯಾವಾಗಲೋ ನೋಡಿಕೊಂಡರೆ ಅದು ತಾನಾಗಿಯೇ ನಡೆಯುತ್ತಿರುತ್ತದೆ. ಇಪ್ಪತ್ತು ವರ್ಷ ಕೌಂಟರಿನಲ್ಲಿ ಕೂತು ಬಲಗೈ ನೋಟೆಣಿಸುತ್ತಿದ್ದಾಗ ಮನಸ್ಸು ಎಲ್ಲೆಲ್ಲೋ ತಿರುಗುತ್ತಿದ್ದವಳು ನಾನು. ಲೂಯಿಸ್ ಯಾರೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಈ ಹುಡುಗನಿಗೆ ಏನಾಯಿತೆಂದು ವಿಮರ್ಶೆಯಲ್ಲಿ ಬರೆದರೆ ಆಟವನ್ನೇ ಕಸಿದುಕೊಂಡ ಹಾಗೆ. ಎರಡು ಕೈ ಏನು ಮಾಡಿದವು ಎಂದಷ್ಟೇ ಬರೆದೆ. ಒಂದು ಸಾಲಿನ ಕಥೆಯನ್ನೂ ಬಿಟ್ಟುಕೊಡದೆ ಬರೆದ ಆ ವಿಮರ್ಶೆಯನ್ನೇ ಇವತ್ತಿಗೂ ನನ್ನ ಒಳ್ಳೆಯ ಬರಹ ಅಂದುಕೊಂಡಿದ್ದೇನೆ.

ಈಗಿನವರಲ್ಲಿ ಎಷ್ಟೋ ಜನ ಆಟದ ಆದಿಯಿಂದ ಅಂತ್ಯದವರೆಗೆ ವಿಡಿಯೊ ಹಾಕಿಬಿಡುತ್ತಾರೆ. ಅದನ್ನು ನೋಡಿಯೇ ಮುಗಿಸಿದೆ ಎನ್ನುವವರೂ ಇದ್ದಾರೆ. ‘ಡಿಸ್ಕೊ ಎಲಿಸಿಯಂ’ನಂಥದ್ದಾದರೆ ಅಷ್ಟಿಷ್ಟು ನಡೆದೀತು. ಎಸ್ಟೋನಿಯಾದ ಕಾದಂಬರಿಕಾರನೊಬ್ಬನ ಮುಂದಾಳತ್ವದಲ್ಲಿ ಬಂದ ಅದರಲ್ಲಿ ಹತ್ತು ಲಕ್ಷ ಪದಗಳಿವೆ, ಕೂತು ಓದುವುದೇ ಹೆಚ್ಚು. ಲೂಯಿಸನ ಬಲಗೈ ಮಾತ್ರ ವಿಡಿಯೊದಲ್ಲಿ ಸಿಗುವುದಿಲ್ಲ. ಇದನ್ನು ಹುಡುಗರಿಗೆ ನಾನು ಜಗಳವಾಡಿಯೇ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಅಣ್ಣನ ಮಗನ ಮಗಳು ಟೊರಾಂಟೊದಿಂದ ಬಂದಿದ್ದಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬಾರದು. ಬರುವಾಗ ‘ವೆಣ್ಬಾ’ ಆಟವನ್ನು ನನಗೆ ತೋರಿಸಲೆಂದೇ ತಂದಿದ್ದಳು. ಅವಳೂರಿನವರೇ 2023ರಲ್ಲಿ ಮಾಡಿದ್ದು. ಮರುವರ್ಷ ಚೊಚ್ಚಲ ಆಟಕ್ಕೆಂದು ಕೊಡುವ ಬಾಫ್ಟಾ ಪ್ರಶಸ್ತಿಯೂ ಬಂತು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟಿದ ಮಗ, ಅಮ್ಮನ ಕಾಲದ ಹರಿದ ಅಡುಗೆ ಪುಸ್ತಕ. ಅಳಿಸಿಹೋದ ಸಾಲುಗಳನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲ ಒಗಟೇ ಇಡ್ಲಿ: ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸುವುದು? ನಮ್ಮ ಅಟ್ಟದ ಮೇಲಿದ್ದ ಹಿತ್ತಾಳೆಯ ಇಡ್ಲಿ ದಬರಿ ಇಳಿಸಿ ತೋರಿಸಿದೆ. ಕಿಲುಬು ಹಿಡಿದಿತ್ತು, ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ತಟ್ಟೆಗಳು ಬಿಟ್ಟುಕೊಂಡವು. ಅವಳು ಅದನ್ನು ತಿರುಗಿಸಿ ನೋಡಿ, ಪರದೆಗೆ ವಾಪಸು ಹೋಗಿ, ಮೊದಲ ಸಲಕ್ಕೇ ಸರಿಯಾಗಿ ಕೂರಿಸಿದಳು.

ಆಡಿ ಮುಗಿಸಿದ ಮೇಲೆ ಹೇಗಿತ್ತೆಂದು ಕೇಳಿದೆ. ‘ಹತ್ತಕ್ಕೆ ಏಳು, ಅಜ್ಜಿ. ಒಂದೂವರೆ ಗಂಟೆಗೇ ಮುಗಿದುಹೋಯ್ತು’ ಅಂದಳು. ಅದು ಸರಿ, ದುಡ್ಡು ಕೊಟ್ಟು ಕೊಳ್ಳುವವರಿಗೆ ಅದು ಗೊತ್ತಾಗಬೇಕು. ಆಡುವಾಗ ಕೈ ಎಲ್ಲಿ ನಿಂತಿತು ಎಂದು ಕೇಳಿದೆ. ತುಸು ಯೋಚಿಸಿ ಹೇಳಿದಳು: ಕೊನೆಯ ಹತ್ತಿರ ನಾವು ಆ ಮಗನೇ ಆಗಿ ಅಡುಗೆಗೆ ನಿಲ್ಲುತ್ತೇವೆ, ಪುಸ್ತಕದ ತಮಿಳು ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಯಾವ ಪಾತ್ರೆ ಎತ್ತಬೇಕೋ ತಿಳಿಯದೆ ನಾನೂ ಹಾಗೇ ನಿಂತೆ, ಅಡುಗೆಮನೆಯಲ್ಲಿ ನಿನ್ನ ಡಬ್ಬಿಗಳ ಮೇಲಿನ ಚೀಟಿ ಓದಲಾಗದೆ ನಿಲ್ಲುತ್ತೇನಲ್ಲ, ಹಾಗೆ.

ಆ ತಿಂಗಳ ಬರಹವನ್ನು ಈ ಮಾತಿನಿಂದಲೇ ಶುರು ಮಾಡಿದೆ. ಅವಳ ಹೆಸರು ಹಾಕಲೇ ಎಂದು ಕೇಳಿದೆ. ‘ಹಾಕು, ಆದರೆ ಹತ್ತಕ್ಕೆ ಏಳು ಅಂತಲೂ ಬರಿ’ ಎಂದಳು. ಎರಡನ್ನೂ ಬರೆದೆ.